ಎರಡೂ ಬದಿ ಒಂದೇ ಆಲ್ಬಂ: ಸ್ಲೇಯರ್‌ನ ‘ರೇನ್ ಇನ್ ಬ್ಲಡ್’ ಕೇಳೋದು ಹೇಗೆ

ಅಮೆರಿಕದ ಮೆಟಲ್ ಬ್ಯಾಂಡ್ ಸ್ಲೇಯರ್‌ನ 1986ರ ಆಲ್ಬಂ ‘ರೇನ್ ಇನ್ ಬ್ಲಡ್’ನ ಕ್ಯಾಸೆಟ್ ಕೊಂಡವರು ಒಂದು ಬದಿ ಪೂರ್ತಿ ಕೇಳಿ, ತಿರುಗಿಸಿ ಹಾಕಿದರೆ ಮತ್ತೆ ಅದೇ ಮೊದಲ ಹಾಡು ಶುರುವಾಗುತ್ತಿತ್ತು. ಕ್ಯಾಸೆಟ್ ಕೆಟ್ಟಿರಲಿಲ್ಲ. ಹತ್ತು ಹಾಡಿನ ಇಡೀ ಆಲ್ಬಂ ಒಂದೇ ಬದಿಗೆ ಹಿಡಿಸಿಬಿಟ್ಟಿತ್ತು. ಇನ್ನೊಂದು ಬದಿಯಲ್ಲೂ ಅದನ್ನೇ ತುಂಬಿದ್ದರು, ಅಷ್ಟೇ.

ಒಟ್ಟು ಅವಧಿ ಸುಮಾರು 29 ನಿಮಿಷ. ಅದೇ 1986ರ ಮಾರ್ಚ್‌ನಲ್ಲಿ ಬಂದ ಮೆಟಾಲಿಕಾದ ‘ಮಾಸ್ಟರ್ ಆಫ್ ಪಪೆಟ್ಸ್’ನಲ್ಲಿ ಇರೋದು ಎಂಟೇ ಹಾಡು, ಆದರೆ ಅದು 54 ನಿಮಿಷ ಓಡುತ್ತದೆ. ಎರಡೂ ಥ್ರ್ಯಾಶ್ ಮೆಟಲ್. ಎರಡನ್ನೂ ಈ ಪ್ರಕಾರದ ಶಿಖರ ಅಂತಲೇ ಕರೆಯುತ್ತಾರೆ. ಹೊಸಬರಿಗೆ ಗೊಂದಲ ಆಗೋದು ಇಲ್ಲೇ. ಒಂದರಲ್ಲಿ ರಾಗ ಇದೆ, ಮೆಲ್ಲಗೆ ಬರುವ ಗಿಟಾರ್ ಇದೆ, ಏರಿಳಿತ ಇದೆ. ಇನ್ನೊಂದು ಬಾಗಿಲು ಒದ್ದುಕೊಂಡು ಒಳಗೆ ಬಂದು, ಮನೆಯಲ್ಲಿರುವುದನ್ನೆಲ್ಲ ಒಡೆದು, ಹೊರಟೇ ಹೋಗುತ್ತದೆ.

ನಾನು ಮೊದಲ ಸಲ ಕೇಳಿದಾಗ ಹಾಡು ಬದಲಾದದ್ದೇ ಗೊತ್ತಾಗಲಿಲ್ಲ. ಮೂರನೇ ಹಾಡು ಅಂದುಕೊಂಡು ಕೇಳುತ್ತಿದ್ದದ್ದು ಆರನೆಯದಾಗಿತ್ತು. ‘ಬರೀ ಗದ್ದಲ’ ಅಂತ ಬದಿಗಿಟ್ಟೆ. ಮತ್ತೆ ಕೈಗೆತ್ತಿಕೊಳ್ಳಲು ವರ್ಷವೇ ಹಿಡಿಯಿತು. ಆ ಎರಡನೇ ಸಲ ಹೆಡ್‌ಫೋನ್ ಹಾಕಿಕೊಂಡು ಬರೀ ಡ್ರಮ್ಸ್ ಹಿಡಿದುಕೊಂಡು ಕೂತೆ. ಆಗ ಗದ್ದಲದ ಒಳಗೆ ಎಷ್ಟು ಲೆಕ್ಕಾಚಾರ ಇದೆ ಅನ್ನೋದು ಕಾಣಿಸಿತು.

ಈ ಆಲ್ಬಂ ಬಗ್ಗೆ ಯಾರನ್ನು ಕೇಳಿದರೂ ಮೊದಲು ಬರುವ ಮಾತು ವೇಗದ್ದು. ಸುಳ್ಳೇನಲ್ಲ. ಆದರೆ ಅದೇ ವರ್ಷ ಇಷ್ಟೇ ವೇಗದ, ಕೆಲವು ಕಡೆ ಇದಕ್ಕಿಂತಲೂ ವೇಗದ ಆಲ್ಬಂಗಳು ಬಂದಿವೆ. ಆದರೂ ಜನ ಇವತ್ತಿಗೂ ಇದನ್ನೇ ಅಳತೆಗೋಲು ಮಾಡಿಕೊಂಡಿದ್ದಾರೆ. ಯಾಕೆ? ನನಗೆ ಅನ್ನಿಸುವುದು ಇಷ್ಟು: ಇದರಲ್ಲಿ ಏನು ಇದೆ ಅನ್ನೋದಕ್ಕಿಂತ ಏನನ್ನೆಲ್ಲ ತೆಗೆದುಹಾಕಿದ್ದಾರೆ ಅನ್ನೋದರಲ್ಲಿ ಉತ್ತರ ಇದೆ. ಅದನ್ನೇ ಒಂದೊಂದಾಗಿ ನೋಡೋಣ.

ಮೊದಲು ಥ್ರ್ಯಾಶ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದೆರಡು ಮಾತು. 1970ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಹೆವಿ ಮೆಟಲ್‌ನ ಹೊಸ ಅಲೆ ಎದ್ದಿತು. ಐರನ್ ಮೇಡನ್, ಡೈಮಂಡ್ ಹೆಡ್, ವೆನಮ್, ಇವರ ಜೊತೆಗೇ ಮೋಟರ್‌ಹೆಡ್. ಅಮೆರಿಕದಲ್ಲಿ ಅದೇ ಹೊತ್ತಿಗೆ ಪಂಕ್ ಅನ್ನುವ ಸರಳ, ಒರಟು ರಾಕ್ ಸಂಗೀತ ಇನ್ನಷ್ಟು ಒರಟಾಗಿ, ಇನ್ನಷ್ಟು ಚುಟುಕಾಗಿ ಹಾರ್ಡ್‌ಕೋರ್ ಪಂಕ್ ಆಗಿತ್ತು. ಕ್ಯಾಲಿಫೋರ್ನಿಯಾದ ಹುಡುಗರು ಇವೆರಡನ್ನೂ ಒಟ್ಟಿಗೆ ಕೇಳಿ ಬೆಳೆದರು. ಮೆಟಲ್‌ನಿಂದ ಗಿಟಾರ್‌ನ ಕೈಚಳಕ ತೆಗೆದುಕೊಂಡರು, ಪಂಕ್‌ನಿಂದ ವೇಗ ಮತ್ತು ಸಿಟ್ಟು. ಹೀಗೆ ಹುಟ್ಟಿದ್ದು ಥ್ರ್ಯಾಶ್. 1983ರಲ್ಲಿ ಮೆಟಾಲಿಕಾದ ಮೊದಲ ಆಲ್ಬಂ ಬಂತು, ಅದೇ ವರ್ಷ ಸ್ಲೇಯರ್‌ನದೂ ಬಂತು. ಮುಂದೆ ಮೆಗಾಡೆತ್, ಆಂಥ್ರಾಕ್ಸ್ ಸೇರಿ ಈ ನಾಲ್ವರನ್ನು ‘ಬಿಗ್ ಫೋರ್’ ಅಂತ ಕರೆಯುವ ರೂಢಿ ಬಂತು.

ನಾಲ್ವರಲ್ಲೂ ಪಂಕ್ ರಕ್ತ ಇದೆ, ಪ್ರಮಾಣ ಮಾತ್ರ ಬೇರೆ ಬೇರೆ. ಸ್ಲೇಯರ್‌ನಲ್ಲಿ ಅದು ಮುಖ್ಯವಾಗಿ ಬಂದದ್ದು ಗಿಟಾರಿಸ್ಟ್ ಜೆಫ್ ಹ್ಯಾನೆಮನ್ ಕಡೆಯಿಂದ. ಬ್ಯಾಂಡಿನ ಉಳಿದವರಿಗೆ ಹಾರ್ಡ್‌ಕೋರ್ ಹುಚ್ಚು ಹಿಡಿಸಿದ್ದು ಅವರೇ. ಇನ್ನೊಬ್ಬ ಗಿಟಾರಿಸ್ಟ್ ಕೆರ್ರಿ ಕಿಂಗ್ ಮೊದಲಿಂದಲೂ ಅಪ್ಪಟ ಮೆಟಲ್ ಮನುಷ್ಯ. ಹಾಡುವುದು, ಬಾಸ್ ಗಿಟಾರ್ ನುಡಿಸುವುದು ಎರಡನ್ನೂ ಮಾಡುವ ಟಾಮ್ ಅರಾಯ ಹುಟ್ಟಿದ್ದು ಚಿಲಿಯಲ್ಲಿ. ಡ್ರಮ್ಮರ್ ಡೇವ್ ಲೊಂಬಾರ್ಡೊ ಕ್ಯೂಬಾದಲ್ಲಿ. ಮೊದಲ ಆಲ್ಬಂ ಮಾಡಲು ದುಡ್ಡು ಬಂದದ್ದು ಎಲ್ಲಿಂದ ಅಂದರೆ, ಅರಾಯ ಆಸ್ಪತ್ರೆಯಲ್ಲಿ ಉಸಿರಾಟದ ಚಿಕಿತ್ಸೆಯ ಕೆಲಸ ಮಾಡಿ ಉಳಿಸಿದ್ದು ಒಂದಷ್ಟು, ಕಿಂಗ್ ಅವರ ಅಪ್ಪನ ಹತ್ತಿರ ತೆಗೆದುಕೊಂಡದ್ದು ಒಂದಷ್ಟು.

ಈಗ ‘ರೇನ್ ಇನ್ ಬ್ಲಡ್’ಗಿಂತ ಹಿಂದಿನ ಆಲ್ಬಂ, 1985ರ ‘ಹೆಲ್ ಅವೇಟ್ಸ್’ ಬಗ್ಗೆ ಹೇಳಲೇಬೇಕು. ಅದರಲ್ಲಿ ಹಾಡುಗಳು ಉದ್ದ. ಆರು ನಿಮಿಷ ದಾಟುವ ಹಾಡಿದೆ. ಒಂದು ಹಾಡಿನಲ್ಲೇ ಸಾಕಷ್ಟು ತಿರುವು. ಜೊತೆಗೆ ಧ್ವನಿಯ ಮೇಲೆ ದಟ್ಟವಾದ ರಿವರ್ಬ್, ಅಂದರೆ ಗುಹೆಯಲ್ಲಿ ನಿಂತು ಕೂಗಿದರೆ ಹಿಂದಿನಿಂದ ಎಳೆದುಕೊಂಡು ಬರುತ್ತದಲ್ಲ ಆ ಮಾರ್ದನಿ. ಕತ್ತಲಿನ, ನಿಗೂಢ ವಾತಾವರಣ ಬೇಕಿದ್ದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ನನಗೆ ಆ ಆಲ್ಬಂ ಇಷ್ಟವೂ ಹೌದು. ಆದರೆ ಆ ಹಾದಿಯಲ್ಲೇ ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಸ್ಲೇಯರ್ ಇನ್ನೂ ಉದ್ದದ, ಇನ್ನೂ ತೊಡಕಿನ ಹಾಡು ಮಾಡುತ್ತಿತ್ತು. ಇತಿಹಾಸದಲ್ಲಿ ‘ಒಳ್ಳೆಯ ಬ್ಯಾಂಡ್’ ಅನ್ನಿಸಿಕೊಂಡು ನಿಲ್ಲುತ್ತಿತ್ತೋ ಏನೋ.

ಅಷ್ಟರಲ್ಲಿ ಒಬ್ಬ ಹೊರಗಿನವನು ಬಂದ. ರಿಕ್ ರೂಬಿನ್. ವಯಸ್ಸು 23. ನ್ಯೂಯಾರ್ಕ್‌ನ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಿಂದ ‘ಡೆಫ್ ಜಾಮ್’ ಅನ್ನುವ ಕಂಪನಿ ಶುರುಮಾಡಿದವನು. ಅದು ಹಿಪ್ ಹಾಪ್ ಕಂಪನಿ. ಎಲ್‌ಎಲ್ ಕೂಲ್ ಜೆ, ಬೀಸ್ಟೀ ಬಾಯ್ಸ್ ಇದ್ದ ಜಾಗ. ಅಂಥ ಕಡೆ ಸೈತಾನನ ಹಾಡು ಹೇಳುವ ಮೆಟಲ್ ಬ್ಯಾಂಡಿಗೆ ಏನು ಕೆಲಸ ಅಂತ ಆಗ ಅನೇಕರಿಗೆ ಅನ್ನಿಸಿತ್ತು.

ಆದರೆ ಸ್ವಲ್ಪ ಯೋಚಿಸಿ. ಆ ಕಾಲದ ಹಿಪ್ ಹಾಪ್‌ನಲ್ಲಿ ಇದ್ದದ್ದೇನು? ಒಂದು ಡ್ರಮ್ ಮೆಷಿನ್, ಒಂದು ದನಿ, ಮಧ್ಯೆ ಬೇಕಾದಷ್ಟು ಖಾಲಿ ಜಾಗ. ಡ್ರಮ್ಮಿನ ಪೆಟ್ಟು ಕಿವಿಗೆ ನೇರವಾಗಿ, ಒಣಗಿದ ಸೌದೆ ಮುರಿದಂತೆ ಬೀಳಬೇಕು. ರೂಬಿನ್ ಕಿವಿ ಪಳಗಿದ್ದು ಅದಕ್ಕೆ. ಸ್ಲೇಯರ್ ಸಿಕ್ಕಿದಾಗ ಆ ಕಿವಿಯನ್ನೇ ಇಲ್ಲೂ ಬಳಸಿದರು. ರಿವರ್ಬ್ ತೆಗೆದುಹಾಕಿದರು. ಲಾಸ್ ಏಂಜಲಿಸ್‌ನ ಹಿಟ್ ಸಿಟಿ ವೆಸ್ಟ್ ಸ್ಟುಡಿಯೋದಲ್ಲಿ ಆಂಡಿ ವಾಲೆಸ್ ಇಂಜಿನಿಯರ್ ಆಗಿ ಕೂತು ರೆಕಾರ್ಡ್ ಮಾಡಿದರು.

ರಿವರ್ಬ್ ತೆಗೆಯೋದು ಅಷ್ಟು ದೊಡ್ಡ ವಿಷಯವಾ ಅಂತ ಕೇಳಬಹುದು. ಹೌದು, ಈ ವೇಗದಲ್ಲಿ ಅದೇ ದೊಡ್ಡ ವಿಷಯ. ಲೆಕ್ಕ ಹಾಕಿ ನೋಡೋಣ. ಈ ಆಲ್ಬಂನಲ್ಲಿ ವೇಗದ ಭಾಗಗಳು ನಿಮಿಷಕ್ಕೆ 200 ಬೀಟ್ ದಾಟುತ್ತವೆ. 210 ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ ಮೂರೂವರೆ ಬೀಟ್ ಆಯಿತು. ಒಂದು ಬೀಟಿಗೆ ಗಿಟಾರ್ ತಂತಿಯ ಮೇಲೆ ನಾಲ್ಕು ಪೆಟ್ಟು ಬಿದ್ದರೆ ಸೆಕೆಂಡಿಗೆ 14 ಪೆಟ್ಟು. ಅಂದರೆ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಸೆಕೆಂಡಿನ ಹದಿನಾಲ್ಕನೇ ಒಂದು ಭಾಗ ಮಾತ್ರ. ಇಷ್ಟು ಕಿರಿದಾದ ಸಂದಿಯಲ್ಲಿ ಹಿಂದಿನ ಪೆಟ್ಟಿನ ಮಾರ್ದನಿ ಇನ್ನೂ ಮುಗಿಯದೆ ಉಳಿದರೆ ಏನಾಗುತ್ತದೆ? ಎಲ್ಲ ಕಲಸಿ ಕೆಸರಾಗುತ್ತದೆ. ಆಗ ಕೇಳುಗನಿಗೆ ವೇಗ ಕೇಳಿಸುವುದಿಲ್ಲ, ಒಂದು ಗುಂಯ್‌ಗುಡುವ ಸದ್ದು ಕೇಳಿಸುತ್ತದೆ. ಎಷ್ಟೋ ಬ್ಯಾಂಡುಗಳು ಸಿಕ್ಕಾಪಟ್ಟೆ ವೇಗವಾಗಿ ನುಡಿಸಿಯೂ ರೆಕಾರ್ಡಿಂಗ್‌ನಲ್ಲಿ ಮಂಕಾಗಿ ಕೇಳಿಸುವುದು ಇದೇ ಕಾರಣಕ್ಕೆ. ಮಾರ್ದನಿ ತೆಗೆದ ತಕ್ಷಣ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ನಿಂತಿತು. ಬ್ಯಾಂಡ್ ದೂರದ ಗುಹೆಯಿಂದ ಎದ್ದು ಬಂದು ನಮ್ಮ ಮುಖದ ಎದುರಿಗೇ ನುಡಿಸತೊಡಗಿತು.

ಇದರ ಇನ್ನೊಂದು ಮುಖವೂ ಇದೆ. ಮಾರ್ದನಿ ಇದ್ದರೆ ಸಣ್ಣಪುಟ್ಟ ತಪ್ಪು ಮುಚ್ಚಿಹೋಗುತ್ತದೆ. ತೆಗೆದರೆ ಎಲ್ಲ ಬಯಲು. ಎರಡು ಗಿಟಾರ್ ಕೂದಲೆಳೆಯಷ್ಟು ಹಿಂದೆಮುಂದೆ ಆದರೂ ಗೊತ್ತಾಗುತ್ತದೆ. ಹಾಗಾಗಿ ಈ ಒಣ ಧ್ವನಿಯನ್ನು ಒಪ್ಪಿಕೊಳ್ಳಲು ಬ್ಯಾಂಡಿಗೆ ತಮ್ಮ ಕೈಯ ಮೇಲೆ ನಂಬಿಕೆ ಇರಲೇಬೇಕಿತ್ತು. ಮುಖ್ಯವಾಗಿ ಲೊಂಬಾರ್ಡೊ ಮೇಲೆ.

ಡ್ರಮ್ಸ್ ವಿಷಯಕ್ಕೆ ಬರೋಣ. ಥ್ರ್ಯಾಶ್‌ನ ಬೆನ್ನೆಲುಬು ಒಂದು ಸರಳ ತಾಳ. ಕಾಲಿನಿಂದ ಬಾಸ್ ಡ್ರಮ್, ಕೈಯಿಂದ ಸ್ನೇರ್, ಮತ್ತೆ ಬಾಸ್, ಮತ್ತೆ ಸ್ನೇರ್, ಧಪ್-ಟಪ್ ಧಪ್-ಟಪ್ ಅಂತ ಬಿಡುವಿಲ್ಲದೆ. ಪಂಕ್‌ನಿಂದ ಬಂದದ್ದು ಇದು. ಬಾಯಲ್ಲಿ ಹೇಳಿ ನೋಡಿ, ನಿಧಾನಕ್ಕೆ ಶುರುಮಾಡಿ ವೇಗ ಏರಿಸುತ್ತಾ ಹೋಗಿ. ಒಂದು ಹಂತದಲ್ಲಿ ನಾಲಿಗೆ ತೊಡರಿಕೊಳ್ಳುತ್ತದೆ. ಲೊಂಬಾರ್ಡೊ ಇರುವುದು ಆ ಹಂತದ ಆಚೆ. ಇದರ ಮೇಲೆ ಅವರು ಎರಡೂ ಕಾಲು ಬಳಸುವ ಡಬಲ್ ಬಾಸ್ ಸೇರಿಸುತ್ತಾರೆ, ಆದರೆ ಎಲ್ಲ ಕಡೆ ಅಲ್ಲ. ಇದನ್ನು ಗಮನಿಸಬೇಕು. ಇವತ್ತಿನ ಮೆಟಲ್‌ನಲ್ಲಿ ಡಬಲ್ ಬಾಸ್ ಹಾಡಿನುದ್ದಕ್ಕೂ ಹೊಲಿಗೆ ಮೆಷಿನ್ ತರಹ ಓಡುತ್ತಲೇ ಇರುತ್ತದೆ. ಸ್ವಲ್ಪ ಹೊತ್ತಿಗೆ ಕಿವಿ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಇಲ್ಲಿ ಅದು ಬಚ್ಚಿಟ್ಟುಕೊಂಡ ಆಯುಧ. ಬಂದಾಗ ನೆಲ ನಡುಗುತ್ತದೆ.

ಅದು ಗೊತ್ತಾಗಬೇಕಿದ್ದರೆ ಮೊದಲ ಹಾಡು ‘ಏಂಜಲ್ ಆಫ್ ಡೆತ್’ ಹಾಕಿ. ಹತ್ತರಲ್ಲಿ ಇದೇ ಉದ್ದದ್ದು, ಐದು ನಿಮಿಷಕ್ಕೆ ಸ್ವಲ್ಪ ಕಡಿಮೆ. ಪೀಠಿಕೆ ಇಲ್ಲ. ಗಿಟಾರ್ ನೇರ ರಿಫ್‌ನಿಂದ ಶುರು. ರಿಫ್ ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ಸಣ್ಣ ಸಾಲು, ಮೆಟಲ್ ಹಾಡಿನ ಇಟ್ಟಿಗೆ ಅದೇ. ಕೆಲವೇ ಸೆಕೆಂಡಿನಲ್ಲಿ ಅರಾಯ ಒಂದು ಕಿರುಚು ಕಿರುಚುತ್ತಾರೆ, ಕೆಳಗಿಂದ ಮೇಲಕ್ಕೆ ಹರಿದುಕೊಂಡು ಹೋಗುವ, ಮನುಷ್ಯನ ಗಂಟಲಿನದಾ ಅಂತ ಅನುಮಾನ ಬರುವ ಕಿರುಚು. ಇಡೀ ಆಲ್ಬಂನಲ್ಲಿ ಅಂಥದ್ದು ಮತ್ತೆ ಇಲ್ಲ. ಅಲ್ಲಿಂದ ಓಟ. ಮೂರನೇ ಒಂದು ಭಾಗ ಕಳೆಯುತ್ತಿದ್ದಂತೆ ಏಕಾಏಕಿ ತಾಳ ಅರ್ಧಕ್ಕೆ ಇಳಿಯುತ್ತದೆ. ಅಲ್ಲಿಯವರೆಗೆ ಓಡುತ್ತಿದ್ದ ಗಾಡಿ ಭಾರಕ್ಕೆ ಕುಸಿದು ನೆಲ ಉಜ್ಜಿಕೊಂಡು ಹೋದಂತೆ. ಈ ಅರ್ಧ ವೇಗದ ರಿಫ್ ಎಷ್ಟು ಗಟ್ಟಿಯಾಗಿದೆ ಅಂದರೆ, 1988ರಲ್ಲಿ ಪಬ್ಲಿಕ್ ಎನಿಮಿ ಅನ್ನುವ ಹಿಪ್ ಹಾಪ್ ಗುಂಪು ಅದನ್ನೇ ಎತ್ತಿಕೊಂಡು ತಮ್ಮ ಒಂದು ಹಾಡಿಗೆ ತಳಪಾಯ ಮಾಡಿಕೊಂಡಿತು. ನಿಧಾನ ಆದದ್ದಕ್ಕೇ ಮೊದಲಿನ ವೇಗದ ಅಳತೆ ಗೊತ್ತಾಗುವುದು. ಬರೀ ಓಟವೇ ಆಗಿದ್ದರೆ ಓಟ ಅಂತಲೇ ಅನ್ನಿಸುತ್ತಿರಲಿಲ್ಲ.

ಇನ್ನೇನು ಮುಗಿಯಿತು ಅನ್ನುವ ಹೊತ್ತಿಗೆ ಗಿಟಾರ್ ಎರಡೂ ನಿಂತುಬಿಡುತ್ತವೆ. ಲೊಂಬಾರ್ಡೊ ಒಬ್ಬರೇ, ಎರಡು ಕಾಲು, ಬಾಸ್ ಡ್ರಮ್. ಕೆಲವೇ ಕ್ಷಣ. ಆಮೇಲೆ ಎಲ್ಲರೂ ಒಟ್ಟಿಗೆ ವಾಪಸ್ ಬಂದು ಬೀಳುತ್ತಾರೆ. ಮೆಟಲ್ ಡ್ರಮ್ಸ್ ಕಲಿಯುವವರು ಇವತ್ತಿಗೂ ಆ ಕೆಲವು ಕ್ಷಣಕ್ಕಾಗಿ ತಿಂಗಳುಗಟ್ಟಲೆ ಬೆವರು ಹರಿಸುತ್ತಾರೆ.

ಇದೇ ಹಾಡು ದೊಡ್ಡ ಗಲಾಟೆಗೂ ಕಾರಣ ಆಯಿತು. ಹಾಡಿರುವುದು ಯೋಸೆಫ್ ಮೆಂಗೆಲೆ ಬಗ್ಗೆ. ಆಶ್‌ವಿಟ್ಜ್ ಶಿಬಿರದಲ್ಲಿ ಕೈದಿಗಳ ಮೇಲೆ, ಅವಳಿ ಮಕ್ಕಳ ಮೇಲೆ ಪ್ರಯೋಗ ನಡೆಸಿದ ನಾಜಿ ವೈದ್ಯ. ಹ್ಯಾನೆಮನ್ ಅವನ ಬಗ್ಗೆ ಪುಸ್ತಕ ಓದಿ ಸಾಹಿತ್ಯ ಬರೆದರು. ಬರೆದದ್ದು ವರದಿ ಒಪ್ಪಿಸುವ ದನಿಯಲ್ಲಿ. ಅವನು ಕೆಟ್ಟವನು ಅಂತ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಹೇಳಬೇಕಾದ ವಿಷಯವೇ ಅಲ್ಲ, ಎಲ್ಲರಿಗೂ ಗೊತ್ತಿರುವುದೇ ಅನ್ನುವುದು ಹ್ಯಾನೆಮನ್ ವಾದ. ಹಲವರು ಒಪ್ಪಲಿಲ್ಲ. ಬ್ಯಾಂಡಿನವರು ನಾಜಿ ಪರ ಅನ್ನುವ ಆರೋಪ ಬಂತು, ಅದು ಮುಂದೆಯೂ ಅವರ ಬೆನ್ನು ಬಿಡಲಿಲ್ಲ. ಹ್ಯಾನೆಮನ್ ನಾಜಿ ಪದಕಗಳನ್ನು ಕೂಡಿಡುವ ಹವ್ಯಾಸದವರಾಗಿದ್ದದ್ದು ಬೆಂಕಿಗೆ ತುಪ್ಪ ಸುರಿಯಿತು. ಅವರ ಅಪ್ಪ ಎರಡನೇ ಮಹಾಯುದ್ಧದಲ್ಲಿ ಜರ್ಮನರ ವಿರುದ್ಧ ಹೋರಾಡಿ ಬಂದ ಸೈನಿಕ, ಅಲ್ಲಿಂದ ತಂದ ಪದಕಗಳಿಂದಲೇ ಮಗನಿಗೆ ಆ ಗೀಳು ಹತ್ತಿದ್ದು.

ನನ್ನ ಅಭಿಪ್ರಾಯ ಕೇಳಿದರೆ, ಸಾಹಿತ್ಯ ಮೆಂಗೆಲೆಯನ್ನು ಹೊಗಳುವುದಿಲ್ಲ, ಅದಂತೂ ಸ್ಪಷ್ಟ. ಆದರೆ ಭೀಕರತೆಯನ್ನು ಬಣ್ಣಿಸುವುದರಲ್ಲಿ ಒಂದು ಹುಡುಗಾಟದ ಉತ್ಸಾಹ ಇದೆ, ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸಿನವರಿಗೆ ಇರುವಂಥದ್ದು. ಸತ್ತವರ ಮನೆಯವರು ಅದನ್ನು ಕೇಳಿ ಸಿಟ್ಟಾದರೆ ಅದರಲ್ಲಿ ತಪ್ಪೇನೂ ಇಲ್ಲ. ಎರಡೂ ಮಾತು ಒಟ್ಟಿಗೆ ನಿಜ ಇರಬಹುದು ಅಲ್ವಾ.

ಕಂಪನಿಗಳಿಗಂತೂ ಇದು ತಲೆನೋವಾಯಿತು. ಡೆಫ್ ಜಾಮ್ ಆಲ್ಬಂಗಳನ್ನು ಅಂಗಡಿಗಳಿಗೆ ತಲುಪಿಸುತ್ತಿದ್ದದ್ದು ಕೊಲಂಬಿಯಾ. ಅವರು ಈ ಹಾಡು, ಜೊತೆಗೆ ಮುಖಪುಟದ ಚಿತ್ರ ನೋಡಿ, ಆಗಲ್ಲ ಅಂದುಬಿಟ್ಟರು. ಕೊನೆಗೆ ಗೆಫೆನ್ ಕಂಪನಿ ವಿತರಣೆಗೆ ಒಪ್ಪಿತು. ಒಪ್ಪಿದರೂ ತಮ್ಮ ಬಿಡುಗಡೆ ಪಟ್ಟಿಯಲ್ಲಿ ಇದರ ಹೆಸರು ಹಾಕಲಿಲ್ಲ. ಮದುವೆಗೆ ಕರೆದು ಫೋಟೋದಲ್ಲಿ ನಿಲ್ಲಬೇಡ ಅಂದ ಹಾಗೆ. ಆ ಮುಖಪುಟ ಬರೆದವರು ಲ್ಯಾರಿ ಕ್ಯಾರಲ್, ರಾಜಕೀಯ ವಿಷಯಗಳಿಗೆ ಚಿತ್ರ ಬರೆಯುತ್ತಿದ್ದ ಕಲಾವಿದ. ಕೆಂಪು ಕಂದು ಬಣ್ಣದ ನರಕದಲ್ಲಿ ಮೇಕೆ ತಲೆಯ ಒಬ್ಬನನ್ನು ಹೊತ್ತು ಸಾಗುವ ದೃಶ್ಯ. ಆ ಕಾಲದ ಉಳಿದ ಮೆಟಲ್ ಮುಖಪುಟಗಳಲ್ಲಿ ಅಸ್ಥಿಪಂಜರ, ಕತ್ತಿ, ರಾಕ್ಷಸರು ಕಾಮಿಕ್ಸ್ ಪುಸ್ತಕದ ತರಹ ಹೊಳೆಯುತ್ತಿದ್ದವು. ಇದು ಹಾಗಿಲ್ಲ. ಹಳೇ ಗೋಡೆಯ ಮೇಲೆ ಕೊಳೆತ ಚಿತ್ರದ ತರಹ ಇದೆ. ಈಗಲೂ ನೋಡಿದರೆ ಒಂಥರಾ ಮುಜುಗರ ಆಗುತ್ತದೆ.

1986ರ ಅಕ್ಟೋಬರ್ 7ಕ್ಕೆ ಆಲ್ಬಂ ಹೊರಬಂತು. ಅದಕ್ಕೆ ಹತ್ತು ದಿನ ಮೊದಲಷ್ಟೇ ಮೆಟಾಲಿಕಾದ ಬಾಸ್ ವಾದಕ ಕ್ಲಿಫ್ ಬರ್ಟನ್ ಸ್ವೀಡನ್‌ನಲ್ಲಿ ಬಸ್ ಅಪಘಾತದಲ್ಲಿ ತೀರಿಕೊಂಡಿದ್ದರು. ಥ್ರ್ಯಾಶ್ ಲೋಕಕ್ಕೆ ವಿಚಿತ್ರವಾದ ಹತ್ತು ದಿನ ಅವು. ರೇಡಿಯೋದವರು ಈ ಆಲ್ಬಂ ಹಾಕುವ ಮಾತೇ ಇರಲಿಲ್ಲ. ಆದರೂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 94ನೇ ಸ್ಥಾನದವರೆಗೆ ಹೋಯಿತು. 1992ರಲ್ಲಿ ಗೋಲ್ಡ್ ಆಯಿತು, ಅಂದರೆ ಅಲ್ಲಿನ ಲೆಕ್ಕದಲ್ಲಿ ಐದು ಲಕ್ಷ ಪ್ರತಿ.

ಮತ್ತೆ ಹಾಡುಗಳಿಗೆ ಬರೋಣ. ಮಾರ್ದನಿ ಆದ ಮೇಲೆ ಇವರು ತೆಗೆದುಹಾಕಿದ ಎರಡನೇ ವಸ್ತು ಪುನರಾವರ್ತನೆ. ಸಾಮಾನ್ಯ ಹಾಡಿನಲ್ಲಿ ಪಲ್ಲವಿ ಮತ್ತೆ ಮತ್ತೆ ಬರುತ್ತದೆ, ಒಂದು ರಿಫ್ ಎಂಟು ಸಲ ಸುತ್ತುತ್ತದೆ, ಕೇಳುಗನಿಗೆ ಮನದಟ್ಟಾಗಲಿ ಅಂತ. ಇಲ್ಲಿ ಆ ಸೌಜನ್ಯ ಇಲ್ಲ. ಮೂರನೇ ಹಾಡು ‘ನೆಕ್ರೋಫೋಬಿಕ್’ ಬರೀ ಒಂದು ನಿಮಿಷ 40 ಸೆಕೆಂಡು. ಎರಡನೆಯದು ಎರಡು ನಿಮಿಷ ಚಿಲ್ಲರೆ. ಇದೂ ಹಾರ್ಡ್‌ಕೋರ್ ಪಂಕ್ ಕಲಿಸಿದ ಪಾಠ, ಹೇಳೋದು ಮುಗಿದ ಮೇಲೆ ಅಲ್ಲೇ ನಿಂತಿರಬೇಡ, ಹೊರಡು. ಆದರೆ ಪಂಕ್ ಹಾಡಿನಲ್ಲಿ ಎರಡು ಮೂರು ರಿಫ್ ಇದ್ದರೆ ಜಾಸ್ತಿ. ಇವರು ಮೆಟಲ್ ಹಾಡಿನಷ್ಟೇ ರಿಫ್ ಇಟ್ಟುಕೊಂಡು ಪಂಕ್ ಹಾಡಿನಷ್ಟು ಹೊತ್ತಿನಲ್ಲಿ ಮುಗಿಸಿದರು. ಆರು ನಿಮಿಷಕ್ಕೆ ಆಗುವಷ್ಟು ಸರಕನ್ನು ಎರಡು ನಿಮಿಷಕ್ಕೆ ಒತ್ತಿ ತುಂಬಿದ್ದಾರೆ. ಮೊದಲ ಸಲ ಕೇಳಿದಾಗ ನನಗೆ ಏನೂ ನೆನಪಲ್ಲಿ ಉಳಿಯದಿದ್ದದ್ದು ಇದಕ್ಕೇ. ಕಿವಿಗೆ ಹಿಡಿದುಕೊಳ್ಳಲು ಎಲ್ಲೂ ಹಿಡಿ ಸಿಗುವುದಿಲ್ಲ. ಹತ್ತನೇ ಸಲ ಕೇಳುವಾಗ ಇದೇ ಗುಣ ಲಾಭ ಆಗುತ್ತದೆ, ಯಾಕೆಂದರೆ ಬೇಸರ ಬರಿಸುವ ಒಂದು ಸೆಕೆಂಡೂ ಇಲ್ಲ.

ಮೂರನೆಯದು ಮಾಧುರ್ಯ. ಐರನ್ ಮೇಡನ್ ಗಿಟಾರಿಸ್ಟುಗಳ ಸೋಲೋ, ಅಂದರೆ ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ, ನೀವು ಗುನುಗಬಹುದು. ಮೆಟಾಲಿಕಾದ್ದೂ ಗುನುಗಬಹುದು. ಹ್ಯಾನೆಮನ್ ಮತ್ತು ಕಿಂಗ್ ಅವರದ್ದನ್ನು ಗುನುಗಲು ಹೋದರೆ ಪಕ್ಕದವರು ಹುಷಾರಿದ್ದೀರಾ ಅಂತ ಕೇಳುತ್ತಾರೆ. ಸ್ವರಗಳು ಯಾವ ಸ್ಕೇಲಿಗೂ ನಿಲ್ಲುವುದಿಲ್ಲ. ಗಿಟಾರಿನ ಹಿಡಿಯಂಥ ಸರಳು, ವ್ಯಾಮಿ ಬಾರ್ ಅನ್ನುತ್ತಾರೆ, ಅದನ್ನು ಒತ್ತಿ ತಂತಿ ಸಡಿಲಿಸಿ ಮತ್ತೆ ಬಿಗಿಸಿ ಪ್ರಾಣಿಯ ಚೀರಾಟದಂಥ ಸದ್ದು ಹೊರಡಿಸುತ್ತಾರೆ. ಇವರಿಗೆ ನುಡಿಸಲು ಬರಲ್ಲ ಅನ್ನುವ ಟೀಕೆ ಹಳೆಯದು. ಸೋಲೋ ವಿಷಯದಲ್ಲಿ ಸ್ವಲ್ಪ ನಿಜವೂ ಇದ್ದೀತು. ಆದರೆ ಈ ಹಾಡುಗಳ ಮಧ್ಯೆ ಒಂದು ಚೆಂದದ ಸೋಲೋ ಇಟ್ಟು ನೋಡಿ ಮನಸ್ಸಿನಲ್ಲೇ. ಸುಡುಗಾಡಿನಲ್ಲಿ ರಂಗೋಲಿ ಹಾಕಿದ ಹಾಗಿರುತ್ತದೆ.

ರಿಫ್‌ಗಳಲ್ಲೂ ಇದೇ ಕಥೆ. ಒಂದಕ್ಕೊಂದು ಅಂಟಿಕೊಂಡ ಸ್ವರಗಳನ್ನು, ಅಂದರೆ ಗಿಟಾರಿನ ಪಕ್ಕಪಕ್ಕದ ಮನೆಗಳನ್ನು, ಸಾಲಾಗಿ ಒತ್ತುತ್ತಾ ಹೋಗುತ್ತಾರೆ. ಅಂಥ ಸಾಲಿಗೆ ಮನೆಗೆ ಮರಳಿದ ನೆಮ್ಮದಿ ಇರುವುದಿಲ್ಲ. ಕಿವಿ ‘ಈಗ ಮುಗಿಯಿತು’ ಅಂತ ಕಾಯುತ್ತಲೇ ಇರುತ್ತದೆ. ಅರಾಯ ಕೂಡ ಇಲ್ಲಿ ಹಾಡುವುದಿಲ್ಲ, ಉಸಿರು ಬಿಡದೆ ಪದಗಳನ್ನು ಉಗುಳುತ್ತಾರೆ. ಸೈತಾನ, ಬಲಿ, ಹೆಣ ಅಂತೆಲ್ಲ ಬರುವ ಈ ಸಾಲುಗಳನ್ನು ಬರೆದವರು ಹ್ಯಾನೆಮನ್ ಮತ್ತು ಕಿಂಗ್. ಹೇಳುವ ಅರಾಯ ಮಾತ್ರ ನಂಬಿಕೆಯ ಕ್ಯಾಥೊಲಿಕ್. ಅವರಿಗೆ ಇದರಲ್ಲಿ ಯಾವ ತೊಡಕೂ ಕಂಡಂತಿಲ್ಲ.

ಎಲ್ಲ ಹತ್ತೂ ಹಾಡು ಸಮನಾಗಿ ಚೆನ್ನಾಗಿವೆ ಅಂತ ಹೇಳಲ್ಲ. ‘ರೀಬಾರ್ನ್’, ‘ಎಪಿಡೆಮಿಕ್’ ನನಗೆ ಇವತ್ತಿಗೂ ಒಂದರೊಳಗೊಂದು ಕಲಸಿಹೋಗುತ್ತವೆ. ಮಧ್ಯದಲ್ಲಿ ‘ಆಲ್ಟರ್ ಆಫ್ ಸ್ಯಾಕ್ರಿಫೈಸ್’ ಮುಗಿಯುತ್ತಿದ್ದಂತೆ ‘ಜೀಸಸ್ ಸೇವ್ಸ್’ ಒಳಗೆ ಹರಿಯುವ ಜಾಗ ಸೊಗಸಾಗಿದೆ. ಆದರೆ ಈ ಆಲ್ಬಂ ಸಾಮಾನ್ಯ ಒಳ್ಳೆಯದರಿಂದ ಬೇರೆಯಾಗಿ ನಿಲ್ಲುವುದು ಕೊನೆಯ ಎಂಟು ನಿಮಿಷದಲ್ಲಿ.

ಒಂಬತ್ತನೇ ಹಾಡು ‘ಪೋಸ್ಟ್‌ಮಾರ್ಟಮ್’. ಅಷ್ಟು ಹೊತ್ತು ಓಡಿ ಏದುಸಿರು ಬಿಡುತ್ತಿದ್ದ ಕೇಳುಗನಿಗೆ ಇಲ್ಲಿ ಹದವಾದ ನಡೆ ಸಿಗುತ್ತದೆ. ತಲೆ ಆಡಿಸಬಹುದಾದ ವೇಗ. ನೆಮ್ಮದಿ ಅಂದುಕೊಳ್ಳುವಷ್ಟರಲ್ಲಿ ಕೊನೆಯಲ್ಲಿ ಮತ್ತೆ ಓಟ, ಮತ್ತು ಆ ಓಟ ಗೋಡೆಗೆ ಬಡಿದಂತೆ ನಿಂತುಹೋಗುತ್ತದೆ. ನಿಂತ ಜಾಗದಲ್ಲಿ ಗುಡುಗು. ಮಳೆ ಶುರುವಾಗುತ್ತದೆ. ಗಿಟಾರುಗಳು ದೂರದಲ್ಲಿ ನರಳುತ್ತವೆ. ಆಮೇಲೆ ಡ್ರಮ್ಮಿನ ಮೂರು ಪೆಟ್ಟು. ಸ್ವಲ್ಪ ಬಿಡುವು. ಮತ್ತೆ ಮೂರು ಪೆಟ್ಟು. ಇಡೀ ಆಲ್ಬಂನಲ್ಲಿ ಇವರು ಬೇಕೆಂದೇ ಕಾಯಿಸುವುದು ಇದೊಂದೇ ಕಡೆ. ಮಾರ್ದನಿ, ವಾತಾವರಣ, ಖಾಲಿ ಜಾಗ ಎಲ್ಲವನ್ನೂ ಅಲ್ಲಿಯವರೆಗೆ ಜಿಪುಣರ ಹಾಗೆ ತಡೆದಿಟ್ಟದ್ದು ಈ ಅರ್ಧ ನಿಮಿಷಕ್ಕೆ ಖರ್ಚು ಮಾಡಲು ಅನ್ನಿಸುತ್ತದೆ.

ಆಮೇಲೆ ‘ರೇನಿಂಗ್ ಬ್ಲಡ್’ನ ಆ ರಿಫ್. ಮೆಟಲ್ ಕೇಳುವವರಲ್ಲಿ ಅದನ್ನು ಮೊದಲ ಎರಡು ಸ್ವರಕ್ಕೇ ಗುರುತಿಸದವರು ಕಡಿಮೆ. ಕೆಳಗಿನ ತಂತಿಯಲ್ಲಿ ಕುದುರೆ ಓಟದಂಥ ಪೆಟ್ಟು, ಅದರ ಮೇಲೆ ಎತ್ತರದಿಂದ ಇಳಿದು ಬರುವ ಸ್ವರಗಳು. ಹಾಡಿನ ಕೊನೆಗೆ ತಾಳ, ಸ್ವರ ಎಲ್ಲ ಕಿತ್ತುಹೋಗಿ ಗಿಟಾರುಗಳು ಬರೀ ಚೀರುತ್ತವೆ, ಡ್ರಮ್ಸ್ ಮೇಲಿಂದ ಉರುಳಿಬಿದ್ದಂತೆ ಕೇಳಿಸುತ್ತದೆ, ಗುಡುಗಿನ ಒಂದು ಸದ್ದಿಗೆ ಬ್ಯಾಂಡ್ ಪೂರ್ತಿ ಮಾಯ. ಉಳಿಯುವುದು ಮಳೆ. ಬರೀ ಮಳೆ.

ಇಲ್ಲೊಂದು ತಮಾಷೆ. ಆಲ್ಬಂ ಹೆಸರಿನ ‘ರೇನ್’ ಅಂದರೆ ಆಳ್ವಿಕೆ, ಕೊನೆಯ ಹಾಡಿನ ‘ರೇನ್’ ಅಂದರೆ ಮಳೆ. ಇಂಗ್ಲಿಷಿನಲ್ಲಿ ಕಾಗುಣಿತ ಬೇರೆ, ಹಾಗಾಗಿ ಕಣ್ಣಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಶ್ಲೇಷೆ ನಮ್ಮ ಲಿಪಿಯಲ್ಲೇ ಚೆನ್ನಾಗಿ ಕೂರುತ್ತದೆ ಅನ್ನಿ.

ಹಾಗಾದರೆ ಥ್ರ್ಯಾಶ್‌ನಲ್ಲಿ ಇದರ ಜಾಗ ಯಾವುದು? 1986 ಈ ಪ್ರಕಾರಕ್ಕೆ ಸುಗ್ಗಿಯ ವರ್ಷ. ಮೆಟಾಲಿಕಾ, ಮೆಗಾಡೆತ್ ಎರಡೂ ದೊಡ್ಡ ಆಲ್ಬಂ ಕೊಟ್ಟವು. ಜರ್ಮನಿಯ ಕ್ರಿಯೇಟರ್ ‘ಪ್ಲೆಷರ್ ಟು ಕಿಲ್’ ತಂದಿತು. ಲಾಸ್ ಏಂಜಲಿಸ್‌ನ ಡಾರ್ಕ್ ಏಂಜಲ್ ‘ಡಾರ್ಕ್‌ನೆಸ್ ಡಿಸೆಂಡ್ಸ್’ ತಂದಿತು. ಅದರ ಡ್ರಮ್ಮರ್ ಜೀನ್ ಹೋಗ್ಲನ್ ಅದಕ್ಕೂ ಮೊದಲು ಸ್ಲೇಯರ್ ಜೊತೆಗೇ ಸಹಾಯಕನಾಗಿ ಸುತ್ತಿದ್ದವನು. ಈ ಎರಡೂ ಆಲ್ಬಂ ಉಗ್ರತೆಯಲ್ಲಿ ಸ್ಲೇಯರ್‌ಗೆ ಒಂದು ಚೂರೂ ಕಮ್ಮಿ ಇಲ್ಲ. ಕ್ರಿಯೇಟರ್‌ನದ್ದು ಇನ್ನೂ ಕಾಡು. ಆದರೆ ಅವು ಮಂಜಿನ ಹಿಂದಿನಿಂದ ಕೇಳಿಸುತ್ತವೆ, ಡಾರ್ಕ್ ಏಂಜಲ್ ಹಾಡು ಎಂಟು ನಿಮಿಷ ದಾಟಿದ್ದೂ ಇದೆ. ಬೆಂಕಿ ಎಲ್ಲರ ಹತ್ತಿರವೂ ಇತ್ತು. ಕಿಟಕಿ ಒರೆಸಿ ಅದನ್ನು ತೋರಿಸಿದ್ದು ಸ್ಲೇಯರ್ ಮತ್ತು ರೂಬಿನ್.

ಮುಂದಿನವರಿಗೆ ಇದು ಒಂದು ಗಡಿಕಲ್ಲಾಯಿತು. ಥ್ರ್ಯಾಶ್ ಥ್ರ್ಯಾಶ್ ಆಗಿಯೇ ಉಳಿದು ಇದಕ್ಕಿಂತ ಮುಂದೆ ಹೋಗುವುದು ಕಷ್ಟ. ಮುಂದೆ ಹೋದವರು ಬೇರೆ ಊರಿಗೇ ಹೋಗಿಬಿಟ್ಟರು. ಗಂಟಲನ್ನು ಇನ್ನೂ ಆಳಕ್ಕೆ ಇಳಿಸಿ, ಡ್ರಮ್ಸ್ ಇನ್ನೂ ಏರಿಸಿ ಡೆತ್ ಮೆಟಲ್ ಕಟ್ಟಿದರು. 1985ರಲ್ಲೇ ಪೊಸೆಸ್ಡ್ ಬ್ಯಾಂಡ್ ಆ ಕಡೆ ಬೊಟ್ಟು ಮಾಡಿತ್ತು. 1987ಕ್ಕೆ ಡೆತ್ ಬ್ಯಾಂಡಿನ ಮೊದಲ ಆಲ್ಬಂ, 1989ಕ್ಕೆ ಮಾರ್ಬಿಡ್ ಏಂಜಲ್‌ನದು. ಆ ಸಂಗೀತದ ಡಬಲ್ ಬಾಸ್, ನೆಮ್ಮದಿ ಕೊಡದ ರಿಫ್, ಚೀರುವ ಸೋಲೋ ಎಲ್ಲದರಲ್ಲೂ ಈ 29 ನಿಮಿಷದ ಗುರುತು ಸಿಗುತ್ತದೆ. ಇನ್ನು ಕೆಲವರು ಹಿಂದಕ್ಕೆ ತಿರುಗಿ ವೇಗ ಇಳಿಸಿದರು. 1991ರ ಹೊತ್ತಿಗೆ ಮೆಟಾಲಿಕಾ ಪೂರ್ತಿ ಆ ದಾರಿ ಹಿಡಿದಿತ್ತು.

ಬೇರೆ ಲೋಕದವರೂ ಇದನ್ನು ಬಿಡಲಿಲ್ಲ. 2001ರಲ್ಲಿ ಗಾಯಕಿ ಟೋರಿ ಏಮಸ್ ‘ರೇನಿಂಗ್ ಬ್ಲಡ್’ ಅನ್ನು ಪಿಯಾನೋ ಮೇಲೆ, ಉಸಿರು ಎಳೆದಷ್ಟು ನಿಧಾನವಾಗಿ ಹಾಡಿದರು. ಒಂದು ಸಲ ಕೇಳಿ. ವೇಗ ಪೂರ್ತಿ ತೆಗೆದ ಮೇಲೂ ಒಳಗಿನ ಭಯ ಹಾಗೇ ಉಳಿದಿದೆ. ವೇಗವೇ ಎಲ್ಲ ಅನ್ನುವವರಿಗೆ ನಾನು ಕಳಿಸುವುದು ಅದನ್ನೇ. 2004ರಲ್ಲಿ ಸ್ಲೇಯರ್ ತಾವೇ ಇಡೀ ಆಲ್ಬಂ ಅನ್ನು ವೇದಿಕೆಯ ಮೇಲೆ ಮೊದಲಿಂದ ಕೊನೆವರೆಗೆ ನುಡಿಸಿ, ಕೊನೆಯ ಹಾಡಿಗೆ ತಮ್ಮ ಮೇಲೆಯೇ ಕೆಂಪು ಬಣ್ಣದ ಮಳೆ ಸುರಿಸಿಕೊಂಡರು. ಬೇಕಿತ್ತಾ ಅಂತ ಕೇಳಿದರೆ ಬೇಕಿರಲಿಲ್ಲ, ಆದರೆ ನೋಡಲು ಮಜಾ ಇದೆ.

ಹೊಸದಾಗಿ ಕೇಳುವವರಿದ್ದರೆ ನನ್ನದೊಂದು ಸಲಹೆ. ಮೊದಲಿಂದ ಶುರುಮಾಡಬೇಡಿ. ‘ಪೋಸ್ಟ್‌ಮಾರ್ಟಮ್’ನಿಂದ ಹಿಡಿದು ಕೊನೆಯ ಮಳೆಯವರೆಗೆ ಎಂಟು ನಿಮಿಷ ಕೇಳಿ, ಎರಡು ಹಾಡಿನ ನಡುವೆ ನಿಲ್ಲಿಸದೆ. ಆಮೇಲೆ ‘ಏಂಜಲ್ ಆಫ್ ಡೆತ್’, ಡ್ರಮ್ಸ್ ಮಾತ್ರ ಹಿಡಿದುಕೊಂಡು. ಇಡೀ ಆಲ್ಬಂ ಅದಾದ ಮೇಲೆ. ಕೇಳಿ ಮುಗಿದ ಮೇಲೆ ಇವರ ಮುಂದಿನ ಆಲ್ಬಂ, 1988ರ ‘ಸೌತ್ ಆಫ್ ಹೆವನ್’ನ ಮೊದಲ ಹಾಡು ಹಾಕಿ. ಇದಕ್ಕಿಂತ ವೇಗವಾಗಿ ಹೋದರೆ ತಮ್ಮನ್ನೇ ತಾವು ನಕಲು ಮಾಡಿದಂತೆ ಆಗುತ್ತದೆ ಅಂತ ಅವರಿಗೂ ಗೊತ್ತಿತ್ತು. ಅದರಲ್ಲಿ ಒಂದೇ ಗಿಟಾರ್ ಬರುತ್ತದೆ, ಮೆಲ್ಲಗೆ, ತೆವಳಿಕೊಂಡು, ಯಾವ ಅವಸರವೂ ಇಲ್ಲದೆ.